ಪ್ಲೈವುಡ್‌ನಲ್ಲಿ ಡಾಬ್ಸೋನಿಯನ್ ಮೌಂಟ್: 150 ಮಿ.ಮೀ. ದೂರದರ್ಶಕಕ್ಕೆ ಮರದ ಆಧಾರ ಕಟ್ಟುವ ಬಗೆ, ಬೆರಳು ಕಣ್ಣು ಉಳಿಸಿಕೊಳ್ಳುವ ಬಗೆ

ಕನ್ನಡಿ ಎಷ್ಟೇ ಚೆನ್ನಾಗಿರಲಿ, ಅದನ್ನು ಹೊತ್ತ ಆಧಾರ ನಡುಗಿದರೆ ಶನಿಯ ಬಳೆ ಕಾಣುವುದಿಲ್ಲ. ದೂರದರ್ಶಕ ಮಾಡಿಕೊಳ್ಳುವ ಹೆಚ್ಚಿನವರು ತಿಂಗಳುಗಟ್ಟಲೆ ಕನ್ನಡಿಯ ಮೇಲೆ ಕೂತು, ಮೌಂಟ್ ಅನ್ನು ಒಂದು ಭಾನುವಾರ ಬೆಳಿಗ್ಗೆ ಮುಗಿಸಿಬಿಡುತ್ತಾರೆ. ಕೊನೆಗೆ ತೊಂದರೆ ಕೊಡುವುದು ಆ ಭಾನುವಾರದ ಕೆಲಸವೇ.

ಇಲ್ಲಿ ಕಟ್ಟುವುದು ಡಾಬ್ಸೋನಿಯನ್ ಮಾದರಿ. ಇದರ ಹಿಂದಿರುವ ಜಾನ್ ಡಾಬ್ಸನ್ (1915–2014) ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯಲ್ಲಿ, ಅಂದರೆ ರಾಮಕೃಷ್ಣ ಸಂಪ್ರದಾಯದ ಮಠದಲ್ಲಿ, ಎರಡು ದಶಕಕ್ಕೂ ಹೆಚ್ಚು ಕಾಲ ಸನ್ಯಾಸಿಯಾಗಿದ್ದವರು. ಮಠ ಬಿಟ್ಟ ಮೇಲೆ 1968ರಲ್ಲಿ ಗೆಳೆಯರೊಂದಿಗೆ ಸೈಡ್‌ವಾಕ್ ಆಸ್ಟ್ರಾನಮರ್ಸ್ ಗುಂಪು ಕಟ್ಟಿ, ದಾರಿಹೋಕರಿಗೆ ಚಂದ್ರನನ್ನು ತೋರಿಸುತ್ತಾ ಬಂದರು. ಅಗ್ಗದ ಪ್ಲೈವುಡ್, ರಟ್ಟಿನ ಕೊಳವೆ, ಟೆಫ್ಲಾನ್ ತುಂಡುಗಳಿಂದ ಅವರು ಕಟ್ಟಿದ ಆಧಾರವನ್ನೇ ಇಂದು ಇಡೀ ಜಗತ್ತು ಅವರ ಹೆಸರಿನಿಂದ ಕರೆಯುತ್ತದೆ.

ಕೆಳಗಿನ ಅಳತೆಗಳೆಲ್ಲ ಒಂದು ನಿರ್ದಿಷ್ಟ ದೂರದರ್ಶಕಕ್ಕೆ ಹೊಂದುವಂಥವು: 150 ಮಿ.ಮೀ. ಕನ್ನಡಿ, 1200 ಮಿ.ಮೀ. ಸಂಗಮ ದೂರ (ಕನ್ನಡಿಯಿಂದ ಬಿಂಬ ಮೂಡುವಲ್ಲಿಗೆ ಇರುವ ದೂರ), ಹೊರವ್ಯಾಸ 200 ಮಿ.ಮೀ. ಇರುವ ಪಿವಿಸಿ ಕೊಳವೆ. ನಿಮ್ಮದು ಬೇರೆಯಾದರೆ ಎಲ್ಲಿ ಏನು ಬದಲಿಸಬೇಕು ಎಂಬುದನ್ನು ಆಯಾ ಜಾಗದಲ್ಲೇ ಹೇಳಿದೆ.

ಈ ಮೌಂಟ್ ಮಾಡಬೇಕಾದ ಕೆಲಸ ಯಾವುದು

ಮೂರು ಭಾಗಗಳಿವೆ. ಕೊಳವೆಯನ್ನು ಹಿಡಿಯುವ ಪೆಟ್ಟಿಗೆ, ಅದರ ಎರಡೂ ಪಕ್ಕಕ್ಕೆ ಒಂದೊಂದು ಚಕ್ರ. ಆ ಚಕ್ರಗಳನ್ನು ಹೊತ್ತು ಕೂರಿಸಿಕೊಳ್ಳುವ ರಾಕರ್ ಪೆಟ್ಟಿಗೆ. ರಾಕರ್ ಅಡ್ಡಡ್ಡ ತಿರುಗಲು ಕೆಳಗೊಂದು ನೆಲದ ಹಲಗೆ. ಬಾಲ್ ಬೇರಿಂಗ್ ಎಲ್ಲೂ ಇಲ್ಲ. ಟೆಫ್ಲಾನ್ ತುಂಡಿನ ಮೇಲೆ ಸನ್‌ಮೈಕಾ ಜಾರುತ್ತದೆ, ಅಷ್ಟೇ.

ಬಾಲ್ ಬೇರಿಂಗ್ ಹಾಕಿದರೆ ಇನ್ನೂ ಹಗುರವಾಗಿ ತಿರುಗುವುದಿಲ್ಲವೇ ಎಂದು ಅನ್ನಿಸುವುದು ಸಹಜ. ತಿರುಗುತ್ತದೆ, ಆದರೆ ಕೈಬಿಟ್ಟ ಕೂಡಲೇ ನಿಲ್ಲುವುದಿಲ್ಲ, ಗಾಳಿಗೂ ಓಡುತ್ತದೆ. ನಮಗೆ ಬೇಕಾದುದು ಒಂದು ಹದದ ಘರ್ಷಣೆ: ಬೆರಳಿನಿಂದ ಒತ್ತಿದಾಗ ಜರ್ಕ್ ಇಲ್ಲದೆ ಹೊರಡಬೇಕು, ಬೆರಳು ತೆಗೆದಲ್ಲೇ ನಿಲ್ಲಬೇಕು. ನಿಂತಿರುವಾಗಿನ ಘರ್ಷಣೆಯೂ ಚಲಿಸುವಾಗಿನ ಘರ್ಷಣೆಯೂ ಹೆಚ್ಚುಕಡಿಮೆ ಒಂದೇ ಆಗಿರುವ ಜೋಡಿ ಸಿಕ್ಕರೆ ಮಾತ್ರ ಇದು ಸಾಧ್ಯ. ಟೆಫ್ಲಾನ್ ಮತ್ತು ಒರಟು ಮೈಯ ಸನ್‌ಮೈಕಾ ಅಂಥ ಜೋಡಿ.

ಎಷ್ಟು ನಯ ಬೇಕು ಎಂಬುದಕ್ಕೆ ಒಂದು ಲೆಕ್ಕ. 150 ಪಟ್ಟು ವರ್ಧನೆಯಲ್ಲಿ ಸಾಮಾನ್ಯ ಐಪೀಸ್‌ನೊಳಗೆ (ಕಣ್ಣಿಟ್ಟು ನೋಡುವ ಮಸೂರದೊಳಗೆ) ಕಾಣುವ ಆಕಾಶದ ಅಗಲ ಸುಮಾರು 20 ಕಲೆ, ಅಂದರೆ ಒಂದು ಡಿಗ್ರಿಯ ಮೂರನೇ ಒಂದು ಭಾಗ. ಭೂಮಿ ತಿರುಗುವುದರಿಂದ ಗ್ರಹವೊಂದು ಅಷ್ಟನ್ನು 80 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅದನ್ನು ನಡುವಿಗೆ ತರಲು ಒಂದೆರಡು ಕಲೆಯಷ್ಟು ಸರಿಸಬೇಕು. 200 ಮಿ.ಮೀ. ವ್ಯಾಸದ ಚಕ್ರದ ಅಂಚಿನಲ್ಲಿ ಒಂದು ಕಲೆ ಎಂದರೆ 0.03 ಮಿ.ಮೀ., ತಲೆಗೂದಲಿಗಿಂತ ತೆಳು. ಚಕ್ರ ಆ ಅಳತೆಯಲ್ಲಿ ಹೆಜ್ಜೆ ಇಡಬೇಕು. ಅಂಚು ಅಂಕುಡೊಂಕಾಗಿದ್ದರೆ, ಅಂಟಿನ ಹನಿಯೊಂದು ಒಣಗಿ ನಿಂತಿದ್ದರೆ, ಟೆಫ್ಲಾನ್‌ನಲ್ಲಿ ಮೊಳೆಯ ತಲೆ ಎದ್ದಿದ್ದರೆ ಅದು ಐಪೀಸ್‌ನಲ್ಲಿ ತಕ್ಷಣ ಗೊತ್ತಾಗುತ್ತದೆ.

ಸಾಮಾನು

18 ಮಿ.ಮೀ. ಪ್ಲೈವುಡ್, 4×4 ಅಡಿ ಸಾಕು. ಅಂಗಡಿಯಲ್ಲಿ ಐಎಸ್ 710 ಗುರುತಿನ ಬಿಡಬ್ಲ್ಯುಪಿ, ಅಂದರೆ ಮರೈನ್ ಪ್ಲೈ, ಕೇಳಿ. ಬಯಲುಸೀಮೆಯಲ್ಲಿ ಮನೆಯೊಳಗೇ ಇಡುವುದಾದರೆ ಐಎಸ್ 303ರ ಬಿಡಬ್ಲ್ಯುಆರ್ (ನೀರು ತಡೆಯುವ, ಅದಕ್ಕಿಂತ ಅಗ್ಗದ ದರ್ಜೆ) ಕೂಡ ನಡೆದೀತು. ಮಲೆನಾಡು, ಕರಾವಳಿಯವರು ಆ ಉಳಿತಾಯಕ್ಕೆ ಕೈಹಾಕಬೇಡಿ. ಹಾಳೆಯ ಅಂಚನ್ನು ಸುತ್ತಲೂ ನೋಡಿ: ಪದರಗಳ ನಡುವೆ ಟೊಳ್ಳು ಕಂಡರೆ ಬೇಡ. ಸ್ಕ್ರೂ ಹೋಗಿ ಕೂರುವುದು ಅದೇ ಟೊಳ್ಳಿನಲ್ಲಿ. ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್ ಬೇಡವೇ ಬೇಡ. ಇಬ್ಬನಿ ಬೀಳುವ ರಾತ್ರಿಗಳಲ್ಲಿ ಹೊರಗಿಡುವ ವಸ್ತುವಿಗೆ ಅವು ಆಗಿಬರುವುದಿಲ್ಲ.

18 ಮಿ.ಮೀ. ಎಂದು ಕೊಟ್ಟ ಹಾಳೆ ನಿಜವಾಗಿ 17 ಅಥವಾ 17.5 ಇರುವುದು ಮಾಮೂಲು. ವರ್ನಿಯರ್ ಹಾಕಿ ಅಳೆದು, ಕೆಳಗಿನ ಲೆಕ್ಕದಲ್ಲಿ 18 ಇರುವ ಕಡೆಯೆಲ್ಲ ನಿಮ್ಮ ಅಳತೆ ಹಾಕಿಕೊಳ್ಳಿ.

ಟೆಫ್ಲಾನ್ ಹಾಳೆ: 5 ಮಿ.ಮೀ. ದಪ್ಪ, 100×100 ಮಿ.ಮೀ. ಚೂರು. ಬಿಳಿಯದೇ ಬೇಕು. ನೈಲಾನ್, ಎಚ್‌ಡಿಪಿಇ ಕೂಡ ಬಿಳಿಯಾಗಿಯೇ ಇರುತ್ತವೆ, ಅವುಗಳ ಮೇಲೆ ಚಕ್ರ ಹಿಡಿದು ಹಾರುತ್ತದೆ. ಗುರುತಿಸುವುದು ಸುಲಭ: ಟೆಫ್ಲಾನ್ ಗಾತ್ರಕ್ಕೆ ಮೀರಿದ ತೂಕದ್ದು, ನೀರಿನಲ್ಲಿ ಮುಳುಗುತ್ತದೆ, ಉಗುರಿನಿಂದ ಗೀರು ಬೀಳುತ್ತದೆ, ಎಚ್‌ಡಿಪಿಇ ತೇಲುತ್ತದೆ. ಎಂಜಿನಿಯರಿಂಗ್ ಪ್ಲಾಸ್ಟಿಕ್ ಮಾರುವ ಅಂಗಡಿಗಳಲ್ಲಿ ತುಂಡು ಕತ್ತರಿಸಿ ಕೊಡುತ್ತಾರೆ. ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿ.

ಸನ್‌ಮೈಕಾ: 0.8 ಅಥವಾ 1 ಮಿ.ಮೀ., ಮೈಮೇಲೆ ಸಣ್ಣ ಸಣ್ಣ ಉಬ್ಬು ಇರುವ ಒರಟು ಮಾದರಿ. ಹೊಳಪಿನ ಸನ್‌ಮೈಕಾ ನೋಡಲು ಚಂದ, ಕೆಲಸಕ್ಕೆ ಬಾರದು. ನುಣುಪು ಮೈ ಟೆಫ್ಲಾನ್‌ಗೆ ಪೂರ್ತಿ ಅಂಟಿ ಕೂತು ಹೊರಡುವಾಗ ಜರ್ಕ್ ಹೊಡೆಯುತ್ತದೆ; ಒರಟು ಮೈ ಉಬ್ಬುಗಳ ತುದಿಯಲ್ಲಷ್ಟೇ ತಾಗುತ್ತದೆ. ಅಂಗಡಿಗೆ ಟೆಫ್ಲಾನ್ ಚೂರು ಜೊತೆಗೊಯ್ದು ನಾಲ್ಕಾರು ಮಾದರಿಗಳ ಮೇಲೆ ಒತ್ತಿ ಜಾರಿಸಿ ಆರಿಸಿ.

ಉಳಿದವು: ಮರಕ್ಕೆ ಫೆವಿಕಾಲ್ ಅಥವಾ ಅಂಥದೇ ಬಿಳಿ ಅಂಟು, ಸನ್‌ಮೈಕಾಕ್ಕೆ ರಬ್ಬರ್ ಅಂಟು, 4×45 ಮಿ.ಮೀ. ಸ್ಕ್ರೂ ಸುಮಾರು 50, ಚಕ್ರಗಳಿಗೆ 4×30 ಮಿ.ಮೀ. ಸ್ಕ್ರೂ 8, ಎಂ10 ಬೋಲ್ಟ್ 70 ಮಿ.ಮೀ. ಉದ್ದದ್ದು, ಅದಕ್ಕೆ ಎರಡು ದೊಡ್ಡ ವಾಷರ್ ಮತ್ತು ನೈಲಾನ್ ಬಳೆಯಿರುವ ಲಾಕ್ ನಟ್, ಸಣ್ಣ ಹಿತ್ತಾಳೆ ಮೊಳೆ, 2 ಮಿ.ಮೀ. ಫೆಲ್ಟ್, ಎರಡು ಬಿಜಾಗರಿ, ಎರಡು ಪೆಟ್ಟಿಗೆ ಕೊಂಡಿ, 80, 120, 220 ನಂಬರಿನ ಉಪ್ಪುಕಾಗದ.

ಯಂತ್ರಕ್ಕೆ ಕೈ ಹಾಕುವ ಮುಂಚೆ

ಸುರಕ್ಷತೆಯ ಮಾತನ್ನು ಕೊನೆಗೆ ಬರೆದರೆ ಯಾರೂ ಓದುವುದಿಲ್ಲ, ಆದ್ದರಿಂದ ಇಲ್ಲೇ ಬರೆಯುತ್ತಿದ್ದೇವೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಅತಿ ದೊಡ್ಡ ಅಪಾಯ ಎರಡು ಜುಗಾಡ್‌ಗಳಿಂದ. ಒಂದು, ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್‌ಗೆ ಹಲ್ಲಿನ ಮರದ ಬ್ಲೇಡ್ ಹಾಕುವುದು. ಎರಡು, ಮಾರ್ಬಲ್ ಕಟರ್ ಅನ್ನು ತಲೆಕೆಳಗಾಗಿ ಹಲಗೆಗೆ ಬಿಗಿದು ಟೇಬಲ್ ಗರಗಸ ಮಾಡಿಕೊಳ್ಳುವುದು. ಇವು ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ. ಹೆಚ್ಚಿನ ಗ್ರೈಂಡರ್‌ಗಳಲ್ಲಿ ಸ್ವಿಚ್ ಬಿಟ್ಟರೂ ಓಡುತ್ತಲೇ ಇರುತ್ತವೆ. ಹಲ್ಲು ಮರದಲ್ಲಿ ಸಿಕ್ಕಿಕೊಂಡ ಕ್ಷಣ ಗ್ರೈಂಡರ್ ನಿಮ್ಮ ಕಡೆಗೇ ಎಗರುತ್ತದೆ, ತೊಡೆಗೋ ಮುಂಗೈಗೋ. ಜುಗಾಡ್ ಟೇಬಲ್‌ನಲ್ಲಿ ಬ್ಲೇಡಿನ ಹಿಂದೆ ಸೀಳು ತೆರೆದಿಡುವ ತಗಡು ಇರುವುದಿಲ್ಲ. ಕತ್ತರಿಸಿದ ಎರಡು ಭಾಗ ಹತ್ತಿರ ಬಂದು ಬ್ಲೇಡಿನ ಹಿಂಭಾಗವನ್ನು ಹಿಚುಕಿದರೆ, ಮೇಲೇಳುವ ಹಿಂದಿನ ಹಲ್ಲುಗಳು ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಗೆ ಎಸೆಯುತ್ತವೆ, ತಳ್ಳುತ್ತಿದ್ದ ಕೈ ಬ್ಲೇಡಿನ ಮೇಲೆ ಬೀಳುತ್ತದೆ.

ಈ ಮೌಂಟ್‌ಗೆ ಅವೆರಡೂ ಬೇಕಾಗಿಲ್ಲ. ನೇರ ಕತ್ತರಿಕೆಗಳನ್ನೆಲ್ಲ ಪ್ಲೈವುಡ್ ಅಂಗಡಿಯ ಪಕ್ಕದ ಪ್ಯಾನಲ್ ಗರಗಸದವರಲ್ಲಿ ಮಾಡಿಸಿಕೊಳ್ಳಿ. ನಿಮ್ಮ ಕೈಯಲ್ಲಿ ಆಗುವುದಕ್ಕಿಂತ ನೇರವಾಗಿ, ಮೂಲೆಮಟ್ಟಕ್ಕೆ ಸರಿಯಾಗಿ ಬರುತ್ತದೆ. ಮನೆಯಲ್ಲಿ ಉಳಿಯುವುದು ಜಿಗ್‌ಸಾ (ವಕ್ರ ಗೆರೆ ಕೊಯ್ಯುವ ಸಣ್ಣ ವಿದ್ಯುತ್ ಗರಗಸ), ಡ್ರಿಲ್, ಉಪ್ಪುಕಾಗದದ ಕೆಲಸ.

ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಬೇಡಿ. ಕಾಪಾಡುತ್ತದೆ ಅನ್ನಿಸುತ್ತದೆ, ಆದರೆ ಡ್ರಿಲ್ ಬಿಟ್ಟಿಗೆ ಒಂದು ಎಳೆ ಸಿಕ್ಕರೂ ಇಡೀ ಕೈಯನ್ನು ಸುತ್ತಿಕೊಳ್ಳುತ್ತದೆ. ಅದೇ ಕಾರಣಕ್ಕೆ ಲುಂಗಿ, ಪಂಚೆ, ದುಪಟ್ಟಾ, ಇಳಿಬಿಟ್ಟ ಸೆರಗು, ಸಡಿಲ ತೋಳು, ಬಳೆ, ಉಂಗುರ, ಕೈದಾರ, ಬಿಚ್ಚಿದ ಜಡೆ ಯಾವುದೂ ಬೇಡ. ಹವಾಯಿ ಚಪ್ಪಲಿ ಬಿಟ್ಟು ಬೂಟು ಹಾಕಿ. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ ಇರಲಿ. ಓದುವ ಕನ್ನಡಕ ಲೆಕ್ಕಕ್ಕಿಲ್ಲ.

ಬ್ಲೇಡ್ ಅಥವಾ ಬಿಟ್ ಬದಲಿಸುವಾಗ ಪ್ಲಗ್ ಕಿತ್ತು, ಅದು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಸ್ವಿಚ್ ಆರಿಸಿದ್ದೇನೆ ಎನ್ನುವುದು ಸಾಲದು. ಲೈನಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದೆಯೇ ನೋಡಿಕೊಳ್ಳಿ. ಟೆರೇಸಿನಲ್ಲಿ ಕೆಲಸ ಮಾಡುವವರು ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಇಡಬಾರದು.

ಮರದ ಹುಡಿಯನ್ನು ಹಗುರವಾಗಿ ಎಣಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿಟ್ಟಿದೆ. ಪ್ಲೈವುಡ್‌ನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿನದು. ಬಾಯಿಗೆ ಕರ್ಚೀಫ್ ಕಟ್ಟಿದರೆ ದಪ್ಪ ಹುಡಿ ನಿಲ್ಲುತ್ತದೆ, ಶ್ವಾಸಕೋಶದ ಆಳಕ್ಕೆ ಹೋಗುವ ಸಣ್ಣದು ನಿಲ್ಲುವುದಿಲ್ಲ. ಎನ್95 ಮಾಸ್ಕ್ ಹಾಕಿ, ಉಜ್ಜುವ ಕೆಲಸವನ್ನು ಹೊರಗೆ ಮಾಡಿ, ಗುಡಿಸುವ ಮುಂಚೆ ನೀರು ಚಿಮುಕಿಸಿ.

ರಬ್ಬರ್ ಅಂಟಿನ ಆವಿ ಬೆಂಕಿ ಹಿಡಿಯುವಂಥದ್ದು, ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಪಕ್ಕದ ಕೋಣೆಗೂ ಹೋಗುತ್ತದೆ. ಅಡುಗೆಮನೆಯ ಹತ್ತಿರ, ದೇವರ ದೀಪ ಉರಿಯುವಲ್ಲಿ ಅದರ ಡಬ್ಬ ತೆರೆಯಬೇಡಿ. ಟೆಫ್ಲಾನ್ ಅನ್ನು ಗ್ರೈಂಡರ್‌ನಲ್ಲಿ ಉಜ್ಜಬೇಡಿ, ಅದರ ಚೂರನ್ನು ಸುಡಬೇಡಿ. ಅತಿಯಾಗಿ ಕಾದ ಟೆಫ್ಲಾನ್‌ನ ಹೊಗೆ ಸೇವಿಸಿದರೆ ಕೆಲವು ಗಂಟೆಗಳಲ್ಲಿ ಜ್ವರ, ಚಳಿ, ಎದೆ ಬಿಗಿತ ಬರುತ್ತದೆ. ಕೈಗೆ ಅದರ ಪುಡಿ ಮೆತ್ತಿರುವಾಗ ಸಿಗರೇಟು ಸೇದಿದರೂ ಹಾಗೇ ಆಗುತ್ತದೆ. ಕೈಗರಗಸದಲ್ಲಿ ನಿಧಾನವಾಗಿ ಕೊಯ್ದರೆ ತೊಂದರೆಯಿಲ್ಲ.

ಆಳವಾಗಿ ಕೊಯ್ದುಕೊಂಡರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲೆತ್ತಿ. ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದಿಟ್ಟು ಒತ್ತಿ, 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಮಂಜುಗಡ್ಡೆ ನೇರವಾಗಿ ತಾಗಬಾರದು. ಕಾರ್ಯಾಗಾರದಲ್ಲಿ ಒಬ್ಬರೇ ಇರುವಾಗ ಯಂತ್ರ ನಡೆಸಬೇಡಿ.

ಮೊದಲು ತೂಕದ ನಡು ಹುಡುಕಿ

ಮರ ಕತ್ತರಿಸುವ ಮುಂಚೆ ಕೊಳವೆ ಪೂರ್ತಿ ಸಿದ್ಧವಾಗಿರಬೇಕು: ಕನ್ನಡಿ, ಅದರ ತಟ್ಟೆ, ಓರೆ ಕನ್ನಡಿ, ಫೋಕಸರ್ (ಐಪೀಸ್ ಹಿಡಿದು ಹಿಂದೆ ಮುಂದೆ ಸರಿಸುವ ಭಾಗ), ಫೈಂಡರ್ (ಗುರಿ ಹಿಡಿಯುವ ಚಿಕ್ಕ ದೂರದರ್ಶಕ), ನಿಮ್ಮಲ್ಲಿರುವ ಅತಿ ಭಾರದ ಐಪೀಸ್, ಎಲ್ಲ ಕೂತಿರಬೇಕು. ಈಗ ಕೊಳವೆಯನ್ನು ಒಂದು ದುಂಡು ಕೋಲಿನ ಮೇಲೆ ಅಡ್ಡ ಇಟ್ಟು, ಎರಡೂ ಕಡೆ ಸಮ ನಿಲ್ಲುವ ಜಾಗ ಗುರುತು ಮಾಡಿ, ಇನ್ನೊಬ್ಬರು ಹಿಡಿದುಕೊಂಡಿರಲಿ. ಅಲ್ಲಿಂದ ಕೊಳವೆಯ ಬುಡದ ತುದಿಗೆ ಇರುವ ದೂರವೇ ಇಡೀ ಮೌಂಟ್‌ನ ಎತ್ತರವನ್ನು ನಿರ್ಧರಿಸುತ್ತದೆ. ಇಲ್ಲಿ ಅದನ್ನು 450 ಮಿ.ಮೀ. ಎಂದು ಹಿಡಿದಿದೆ.

ಕೊಳವೆ ನೆಟ್ಟಗೆ ನಿಂತಾಗ ಬುಡ ರಾಕರ್ ತಳಕ್ಕೆ ತಾಗಬಾರದು. ಅತಿ ಕೆಳಗೆ ಇಳಿಯುವುದು ಬುಡದ ಮೂಲೆ, ಅದೂ ಕೊಳವೆ ಸ್ವಲ್ಪ ಓರೆಯಾದಾಗ. 450ರ ವರ್ಗ, ಕೊಳವೆಯ ಅರ್ಧ ಅಗಲ 100ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 461. ಮೇಲೆ 25ರಷ್ಟು ಬಿಡುವು ಸೇರಿಸಿ, ಪೂರ್ಣಾಂಕಕ್ಕೆ ತಂದರೆ 490. ಚಕ್ರದ ನಡು ರಾಕರ್ ತಳದಿಂದ ಇಷ್ಟು ಎತ್ತರದಲ್ಲಿರಬೇಕು. ಬುಡದಲ್ಲಿ ಕನ್ನಡಿ ಸರಿಪಡಿಸುವ ಸ್ಕ್ರೂಗಳು ಹೊರಚಾಚಿದ್ದರೆ ಅವುಗಳ ತುದಿಯಿಂದಲೇ ಅಳೆಯಿರಿ. ಇದನ್ನು ಮರೆತ ಮೌಂಟ್‌ನಲ್ಲಿ ನೆತ್ತಿಯ ಆಕಾಶ ನೋಡಲು ಆಗುವುದೇ ಇಲ್ಲ.

ಕತ್ತರಿಸುವ ಪಟ್ಟಿ

- ಕೊಳವೆ ಪೆಟ್ಟಿಗೆ: 240×300 ಎರಡು, 204×300 ಎರಡು
- ಚಕ್ರ: 200 ವ್ಯಾಸದ ಎರಡು
- ರಾಕರ್ ಪಕ್ಕದ ಹಲಗೆ: 300 ಅಗಲ, 450 ಎತ್ತರದ ಎರಡು
- ರಾಕರ್ ಮುಂದಿನ ಹಲಗೆ: 244 ಅಗಲ, 340 ಎತ್ತರದ ಒಂದು
- ರಾಕರ್ ತಳ: 420 ವ್ಯಾಸದ ಒಂದು
- ನೆಲದ ಹಲಗೆ: 420 ವ್ಯಾಸದ ಒಂದು

ಎಲ್ಲವೂ ಮಿ.ಮೀ.ನಲ್ಲಿ. ಪ್ರತಿ ಕತ್ತರಿಕೆಯಲ್ಲೂ ಬ್ಲೇಡ್ ಸುಮಾರು 3 ಮಿ.ಮೀ. ತಿನ್ನುತ್ತದೆ, ಗೆರೆ ಹಾಕುವಾಗ ತುಂಡುಗಳ ನಡುವೆ ಅಷ್ಟು ಬಿಡಿ. 204 ಎಂದರೆ ಕೊಳವೆ 200, ಎರಡು ಕಡೆ ಫೆಲ್ಟ್ 2+2. ಪೆಟ್ಟಿಗೆಯ ಹೊರ ಅಗಲ 240 (204+18+18), ರಾಕರ್ ಒಳ ಅಗಲ 244. ಈ ನಾಲ್ಕು ಮಿ.ಮೀ. ಬಿಡುವು ಕಡಿಮೆಯಾದರೆ ಮಳೆಗಾಲದಲ್ಲಿ ಉಜ್ಜುತ್ತದೆ, ಹೆಚ್ಚಾದರೆ ಚಕ್ರ ಟೆಫ್ಲಾನ್‌ನಿಂದ ಜಾರುತ್ತದೆ.

ಚಕ್ರಗಳು

ಇಡೀ ಕೆಲಸದ ಜೀವಾಳ ಇದು. 420ರ ತಟ್ಟೆಗಳ ಅಂಚು ಸ್ವಲ್ಪ ವಕ್ರವಾದರೂ ನೋಟಕ್ಕಷ್ಟೇ ದೋಷ, ಆದರೆ 200ರ ಚಕ್ರಗಳ ಅಂಚೇ ಬೇರಿಂಗ್. ಹತ್ತಿರದಲ್ಲಿ ಸಿಎನ್‌ಸಿ ರೌಟರ್ (ತಿರುಗುವ ಬಿಟ್‌ನಿಂದ ಮರ ಕೊರೆಯುವ, ಕಂಪ್ಯೂಟರ್ ನಡೆಸುವ ಯಂತ್ರ) ಇರುವವರು ಇದ್ದರೆ ಈ ಎರಡನ್ನು ಅವರಲ್ಲೇ ಕೊಯ್ಸುವುದು ನಮ್ಮ ಸಲಹೆ.

ನೀವೇ ಮಾಡುವುದಾದರೆ, ಜಿಗ್‌ಸಾ ಬ್ಲೇಡ್ ತಿರುವಿನಲ್ಲಿ ಬಾಗುತ್ತದೆ ಎಂಬುದು ಗೊತ್ತಿರಲಿ: ಮೇಲೆ ಗೆರೆಯ ಮೇಲೇ ಹೋದರೂ ಕೆಳಮೈಯಲ್ಲಿ ಎರಡು ಮಿ.ಮೀ. ಆಚೀಚೆ ಇರುತ್ತದೆ. ಆದ್ದರಿಂದ ಗೆರೆಯಿಂದ 2–3 ಮಿ.ಮೀ. ಹೊರಗೆ ಕೊಯ್ದು, ಉಳಿದುದನ್ನು ರೌಟರ್‌ನಿಂದ ತೆಗೆಯಿರಿ. 6 ಮಿ.ಮೀ. ಪ್ಲೈ ಪಟ್ಟಿಯೊಂದನ್ನು ರೌಟರ್ ತಳಕ್ಕೆ ಬಿಗಿದು, ಬಿಟ್‌ನ ಒಳ ಅಂಚಿನಿಂದ ಸರಿಯಾಗಿ 100 ಮಿ.ಮೀ. ದೂರದಲ್ಲಿ ಮೊಳೆಯ ತೂತು ಮಾಡಿ. ಚಕ್ರದ ನಡುವೆ ಮೊಳೆ ಹೊಡೆದು, ಅದರ ಸುತ್ತ ರೌಟರನ್ನು ಅಪ್ರದಕ್ಷಿಣವಾಗಿ ತನ್ನಿ. ಒಂದು ಸುತ್ತಿಗೆ 5 ಮಿ.ಮೀ. ಆಳ, ಅದಕ್ಕಿಂತ ಹೆಚ್ಚಿಲ್ಲ. ಪ್ರದಕ್ಷಿಣವಾಗಿ ತಂದರೆ ಬಿಟ್ ಮರವನ್ನು ಹತ್ತಿ ಓಡುತ್ತದೆ, ಯಂತ್ರ ಕೈತಪ್ಪುತ್ತದೆ. ಚಕ್ರದ ಕೆಳಗೊಂದು ರದ್ದಿ ಹಲಗೆ ಹಾಕಿ ಎರಡನ್ನೂ ಮೇಜಿಗೆ ಬಿಗಿದಿರಬೇಕು. ಕಾಲಿನಿಂದ ಒತ್ತಿ ಹಿಡಿಯುವ ಅಭ್ಯಾಸ ಬೇಡ.

ರೌಟರ್ ಇಲ್ಲದವರು ಎರಡೂ ಚಕ್ರಗಳನ್ನು ನಡುವೆ ಒಂದೇ ಬೋಲ್ಟ್ ಹಾಕಿ ಜೋಡಿಸಿ, ಅರ ಮತ್ತು 80ರ ಉಪ್ಪುಕಾಗದದಿಂದ ಒಟ್ಟಿಗೇ ಗೆರೆಗೆ ತನ್ನಿ. ತಡವಾಗುತ್ತದೆ, ಆದರೆ ಎರಡೂ ಒಂದೇ ಅಳತೆಗೆ ಬರುತ್ತವೆ. ದುಂಡಗಿರುವಷ್ಟೇ ಮುಖ್ಯ ಅದು.

ಅಂಚಿಗೆ 20 ಮಿ.ಮೀ. ಅಗಲ, 640 ಉದ್ದದ ಸನ್‌ಮೈಕಾ ಪಟ್ಟಿ. ಹೇರ್ ಡ್ರೈಯರ್ ಅಥವಾ ಹೀಟ್ ಗನ್‌ನಿಂದ ಹದವಾಗಿ ಬಿಸಿ ಮಾಡುತ್ತಾ ಡಬ್ಬವೊಂದರ ಸುತ್ತ ಬಾಗಿಸಿ ರೂಢಿ ಮಾಡಿ. ತಣ್ಣಗಿರುವಾಗ ಒತ್ತಾಯಿಸಿದರೆ ಲಟಕ್ಕನೆ ಮುರಿಯುತ್ತದೆ. ರಬ್ಬರ್ ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ, ಅಂದರೆ 15–20 ನಿಮಿಷ, ಕಾಯಿರಿ. ಒಮ್ಮೆ ತಾಗಿದರೆ ಸರಿಸಲು ಆಗದು. ಗಂಟುಗಳನ್ನು ಮೊದಲೇ ತೆಗೆಯಿರಿ: ಅಂಟಿನ ಒಂದು ಗಂಟು ಪಟ್ಟಿಯ ಕೆಳಗೆ ಉಳಿದರೆ ಅಲ್ಲಿಗೆ ಬಂದಾಗಲೆಲ್ಲ ಗ್ರಹ ಜಿಗಿಯುತ್ತದೆ. ಪಟ್ಟಿಯ ಎರಡು ತುದಿ ಸೇರುವ ಜಾಗ ಟೆಫ್ಲಾನ್ ಮೇಲೆ ಎಂದೂ ಹಾಯಬಾರದು. ಕೊಳವೆ ಅಡ್ಡ ಮಲಗಿದ್ದಾಗ ಚಕ್ರದ ಮೇಲ್ಗಡೆ, ಕೊಳವೆಯ ಬಾಯಿಯ ಕಡೆಗೆ ಓರೆಯಾಗಿರುವ ಭಾಗವೇ ಅಂಥ ಜಾಗ. ಸಂದನ್ನು ಅಲ್ಲಿಗೆ ತನ್ನಿ.

ಕೊಳವೆ ಪೆಟ್ಟಿಗೆ

240ರ ಎರಡು ಹಲಗೆಗಳು ಎಡಬಲಕ್ಕೆ, 204ರ ಎರಡು ಅವುಗಳ ನಡುವೆ ಮೇಲೆ ಕೆಳಗೆ. ಜೋಡಿಸುವ ಮುಂಚೆ ಎಡಬಲದ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು, ಕರ್ಣಗಳು ಸೇರುವಲ್ಲಿ 10 ಮಿ.ಮೀ. ತೂತು ಎರಡಕ್ಕೂ ಒಟ್ಟಿಗೇ ಕೊರೆಯಿರಿ. ಪೆಟ್ಟಿಗೆ ಕಟ್ಟಿದ ಮೇಲೆ ಆ ತೂತುಗಳ ಮೂಲಕ ನೇರವಾದ 10 ಮಿ.ಮೀ. ಸರಳು ತೂರಿಸಿ, ಅದಕ್ಕೇ ಎರಡೂ ಚಕ್ರ ಪೋಣಿಸಿ, ಅಂಟು ಹಾಕಿ, ಪೆಟ್ಟಿಗೆಯ ಒಳಗಿನಿಂದ ಚಕ್ರಕ್ಕೆ 30 ಮಿ.ಮೀ.ನ ನಾಲ್ಕು ನಾಲ್ಕು ಸ್ಕ್ರೂ ಹಾಕಿ, ಆಮೇಲೆ ಸರಳು ತೆಗೆಯಿರಿ. ಎರಡು ಚಕ್ರದ ನಡು ಒಂದೇ ರೇಖೆಯಲ್ಲಿ ಇಲ್ಲದಿದ್ದರೆ ಕೊಳವೆ ಮೇಲೇರುತ್ತಾ ಪಕ್ಕಕ್ಕೆ ವಾಲುತ್ತದೆ; ಆಮೇಲೆ ಸರಿಮಾಡಲು ದಾರಿಯಿಲ್ಲ.

ಮೇಲಿನ ಹಲಗೆಗೆ ಅಂಟು ಹಾಕಬೇಡಿ. ಒಂದು ಕಡೆ ಬಿಜಾಗರಿ, ಇನ್ನೊಂದು ಕಡೆ ಕೊಂಡಿ ಹಾಕಿದರೆ ಕೊಳವೆಯನ್ನು ತಿರುಗಿಸಿ ಐಪೀಸ್ ಅನುಕೂಲದ ಕಡೆಗೆ ತರಬಹುದು, ತೂಕಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಸಲೂ ಬಹುದು.

ಪ್ಲೈವುಡ್‌ನ ಅಂಚಿಗೆ ಸ್ಕ್ರೂ ಹಾಕುವಾಗ ಮೊದಲು 3 ಮಿ.ಮೀ. ತೂತು ಕಡ್ಡಾಯ. ಸ್ಕ್ರೂ ಮೊದಲು ಹಾಯುವ ಹಲಗೆಯಲ್ಲಿ 4.5 ಮಿ.ಮೀ. ತೂತು ಇರಲಿ, ಇಲ್ಲದಿದ್ದರೆ ಸ್ಕ್ರೂ ಎರಡೂ ಹಲಗೆಯಲ್ಲಿ ಕಚ್ಚಿ, ನಡುವೆ ಸಂದು ಉಳಿದುಬಿಡುತ್ತದೆ. ತೂತು ಮಾಡದೆ ಒತ್ತಿದರೆ ಪದರಗಳು ಬಾಯಿಬಿಡುತ್ತವೆ, ಹಿಡಿತ ಹೋಗುತ್ತದೆ. ಅಂಟು ಒಣಗಲು ಒಂದು ಪೂರ್ತಿ ದಿನ ಕೊಡಿ.

ರಾಕರ್ ಪೆಟ್ಟಿಗೆ

ಪಕ್ಕದ ಹಲಗೆಯ ಮೇಲಂಚಿನಲ್ಲಿ ಕಮಾನಿನ ಹಾಗೆ ಕೊಯ್ಯಬೇಕು. ಕಮಾನಿನ ನಡು ಹಲಗೆಯ ಹೊರಗಿದೆ, ಮೇಲಂಚಿಗಿಂತ 40 ಮಿ.ಮೀ. ಎತ್ತರದಲ್ಲಿ (490ರಲ್ಲಿ 450 ಕಳೆದರೆ ಬರುವುದು ಅದೇ). ಒಂದು ರದ್ದಿ ತುಂಡನ್ನು ಮೇಲಂಚಿಗೆ ಒತ್ತಿ ಬಿಗಿದು, ಅದರ ಮೇಲೆ ಆ ಬಿಂದು ಗುರುತಿಸಿ, 108 ಮಿ.ಮೀ. ತ್ರಿಜ್ಯದ ಕಮಾನು ಎಳೆಯಿರಿ. 108 ಎಲ್ಲಿಂದ ಬಂತೆಂದರೆ, ಚಕ್ರ 100, ಸನ್‌ಮೈಕಾ 1, ಟೆಫ್ಲಾನ್ 5, ಬಿಡುವು 2. ಎರಡೂ ಹಲಗೆಗಳನ್ನು ಜೋಡಿಸಿ ಬಿಗಿದು ಒಂದೇ ಸಲ ಕೊಯ್ದು, ಒಟ್ಟಿಗೇ ಉಜ್ಜಿ.

ಟೆಫ್ಲಾನ್ ತುಂಡುಗಳು ನೆಟ್ಟ ಗೆರೆಯಿಂದ ಎಡಕ್ಕೂ ಬಲಕ್ಕೂ 35 ಡಿಗ್ರಿಯಲ್ಲಿ ಕೂರುತ್ತವೆ. ಅಂದರೆ ನಡುಗೆರೆಯಿಂದ ಎರಡೂ ಕಡೆ 62 ಮಿ.ಮೀ. ಅಳೆದು, ಅಲ್ಲಿ ಕಮಾನಿನ ಮೇಲೆ ಗುರುತು ಹಾಕಿ. ತೀರ ಹತ್ತಿರ ಇಟ್ಟರೆ ಚಕ್ರ ಮುಂದೆ ಹಿಂದೆ ಓಲಾಡುತ್ತದೆ; ತೀರ ದೂರ ಇಟ್ಟರೆ ಬೆಣೆಯಂತೆ ಸಿಕ್ಕಿಕೊಂಡು ಬಿಗಿಯಾಗುತ್ತದೆ.

ತುಂಡಿನ ಅಳತೆಗೂ ಲೆಕ್ಕ ಇದೆ. ಟೆಫ್ಲಾನ್ ಮೇಲೆ ಪ್ರತಿ ಚದರ ಸೆಂ.ಮೀ.ಗೆ ಒಂದು ಕಿಲೋದಷ್ಟು ಭಾರ ಬಿದ್ದರೆ ಹದವಾಗಿ ಜಾರುತ್ತದೆ. ಕೊಳವೆ, ಪೆಟ್ಟಿಗೆ, ಚಕ್ರ ಎಲ್ಲ ಸೇರಿ 11 ಕಿಲೋ ಎಂದಾದರೆ, ಓರೆಯಿಂದ ಹೆಚ್ಚುವ ಒತ್ತಡ ಸೇರಿಸಿ ನಾಲ್ಕು ತುಂಡುಗಳಲ್ಲಿ ಒಂದೊಂದಕ್ಕೆ ಸುಮಾರು 3.4 ಕಿಲೋ. ಆದ್ದರಿಂದ 15×22 ಮಿ.ಮೀ. ತುಂಡು. ಪ್ರತಿ ತುಂಡಿಗೂ ಎರಡು ಹಿತ್ತಾಳೆ ಮೊಳೆ. ತಲೆ ಮೇಲ್ಮೈಯಿಂದ ಕನಿಷ್ಠ 1 ಮಿ.ಮೀ. ಒಳಗೆ ಇಳಿಯಬೇಕು. ಟೆಫ್ಲಾನ್‌ಗೆ ಯಾವ ಸಾಮಾನ್ಯ ಅಂಟೂ ನಿಲ್ಲುವುದಿಲ್ಲ, ಪ್ರಯತ್ನಿಸಬೇಡಿ. ಪಕ್ಕದ ಹಲಗೆಗಳ ಒಳಮೈಗೆ, ಕಮಾನಿನ ಕೆಳಗೆ, 1.5 ಮಿ.ಮೀ.ಗೆ ತೆಳು ಮಾಡಿದ ಒಂದೊಂದು ಚೂರು ಹಾಕಿದರೆ ಪೆಟ್ಟಿಗೆ ಎಡಬಲ ಸರಿಯುವುದಿಲ್ಲ.

ಮುಂದಿನ ಹಲಗೆ ಪಕ್ಕದ ಹಲಗೆಗಳ ನಡುವೆ, ಮುಂದಿನ ಅಂಚಿಗೆ ಸಮವಾಗಿ ಬರುತ್ತದೆ. ಇದನ್ನು ಅಲಂಕಾರ ಎಂದು ತಿಳಿದು ಚಿಕ್ಕದು ಮಾಡುವವರಿದ್ದಾರೆ. ಪಕ್ಕದ ಹಲಗೆಗಳು ಓರೆಯಾಗದಂತೆ ತಡೆಯುವುದು ಇದೊಂದೇ. 340 ಎತ್ತರ ಕಡಿಮೆ ಮಾಡಬೇಡಿ, ಹೆಚ್ಚು ಮಾಡಿದರೆ ಕೊಳವೆ ಅಡ್ಡ ಮಲಗುವಾಗ ತಾಗುತ್ತದೆ. ಹಿಂಬದಿ ತೆರೆದೇ ಇರಬೇಕು, ಕೊಳವೆಯ ಬುಡ ಆ ಕಡೆಗೆ ಏರುತ್ತದೆ. ಒಳಮೂಲೆಗಳಲ್ಲಿ 25×25ರ ಮರದ ಪಟ್ಟಿ ಅಂಟಿಸಿದರೆ ನಡುಕ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ನೆಲದ ಹಲಗೆ

ರಾಕರ್ ತಳದ ಕೆಳಮೈಗೆ 420ರ ಸನ್‌ಮೈಕಾ ಪೂರ್ತಿ ಅಂಟಿಸಿ. ಒಂದೇ ಕಡೆ ಅಂಟಿಸಿದ ಪ್ಲೈ ಬಾಗುವ ಸಾಧ್ಯತೆ ಇರುವುದರಿಂದ ಇನ್ನೊಂದು ಮೈಗೆ ಅದೇ ದಿನ ಪಾಲಿಯುರೆಥೇನ್ ವಾರ್ನಿಷ್ ಬಳಿಯಿರಿ. ನೆಲದ ಹಲಗೆಯ ಮೇಲೆ 180 ತ್ರಿಜ್ಯದ ವೃತ್ತ ಎಳೆದು, ಕೈವಾರವನ್ನು ಹಾಗೇ ಇಟ್ಟುಕೊಂಡು ಸುತ್ತಲೂ ಆರು ಗುರುತು ಹಾಕಿ, ಒಂದು ಬಿಟ್ಟು ಒಂದು ಆರಿಸಿ. ಆ ಮೂರು ಜಾಗದಲ್ಲಿ 25×25 ಟೆಫ್ಲಾನ್ ತುಂಡುಗಳು (ಒಟ್ಟು ಭಾರ ಸುಮಾರು 17 ಕಿಲೋ, ಮೂರರಿಂದ ಭಾಗಿಸಿದರೆ ಲೆಕ್ಕ ಸರಿಹೋಗುತ್ತದೆ). ಕಾಲುಗಳು ಸರಿಯಾಗಿ ಅವುಗಳ ಕೆಳಗೇ: 50×50×25ರ ಮರದ ತುಂಡು, ಅಡಿಗೆ ರಬ್ಬರ್. ಕಾಲು ಒಂದೆಡೆ, ಟೆಫ್ಲಾನ್ ಇನ್ನೊಂದೆಡೆ ಇದ್ದರೆ ನಡುವಿನ ಹಲಗೆ ಸ್ಪ್ರಿಂಗ್‌ನಂತೆ ಕುಣಿಯುತ್ತದೆ. ನಾಲ್ಕು ಕಾಲು ಹಾಕಬೇಡಿ. ಟೆರೇಸಿನ ಉಬ್ಬುತಗ್ಗಿನಲ್ಲಿ ಮೂರೇ ನೆಟ್ಟಗೆ ನಿಲ್ಲುವುದು.

ನಡುವಿನ ಬೋಲ್ಟ್‌ಗೆ 10 ಮಿ.ಮೀ. ತೂತು ಲಂಬವಾಗಿರಲಿ. ಲಾಕ್ ನಟ್ ಅನ್ನು ತಾಗುವವರೆಗೆ ಬಿಗಿದು ಕಾಲು ಸುತ್ತು ಸಡಿಲಿಸಿ. ಬೋಲ್ಟ್‌ನ ಕೆಲಸ ನಡು ತಪ್ಪದಂತೆ ನೋಡಿಕೊಳ್ಳುವುದಷ್ಟೇ, ಒತ್ತಿ ಹಿಡಿಯುವುದಲ್ಲ.

ನಮ್ಮ ನಾಡಿನವರು ಈ ಭಾಗಕ್ಕೆ ಹೆಚ್ಚು ಗಮನ ಕೊಡಬೇಕಾದ ಕಾರಣ ಇದೆ. ಕರ್ನಾಟಕ ಸುಮಾರು 12ರಿಂದ 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಗುರು, ಶನಿ, ಮಂಗಳ ಎಷ್ಟೋ ಸಲ ನೆತ್ತಿಯ ಸಮೀಪವೇ ಹಾಯುತ್ತವೆ. ಅಲ್ಲಿ ಕೊಳವೆ ನೆಟ್ಟಗೆ ನಿಂತಿರುವಾಗ ಆಕಾಶದಲ್ಲಿ ಸ್ವಲ್ಪ ಸರಿಯಲು ಕೆಳಗಿನ ತಟ್ಟೆ ಬಹಳಷ್ಟು ತಿರುಗಬೇಕು, ಅದೂ ಕೈಗೆ ಸನ್ನೆ ಸಿಗದ ಭಂಗಿಯಲ್ಲಿ. ಯುರೋಪಿನಲ್ಲಿ ನಡೆದುಹೋಗುವ ಬಿಗಿತ ಇಲ್ಲಿ ಕಾಡುತ್ತದೆ.

ಬಣ್ಣ, ಜೋಡಣೆ, ಪರೀಕ್ಷೆ

ಪಾಲಿಯುರೆಥೇನ್ ಮೂರು ಕೋಟು, ನಡುನಡುವೆ 220ರ ಉಪ್ಪುಕಾಗದ. ಪ್ಲೈ ನೀರು ಕುಡಿಯುವುದು ಅಂಚಿನಿಂದ, ಅಲ್ಲಿಗೆ ಇನ್ನೊಂದು ಕೋಟು ಹೆಚ್ಚೇ ಇರಲಿ. ಸನ್‌ಮೈಕಾ, ಟೆಫ್ಲಾನ್‌ಗೆ ಒಂದು ಹನಿಯೂ ಬೀಳಬಾರದು. ಅಗಸೆ ಎಣ್ಣೆ ಬಳಿಯುವವರು, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಮೊದಲ ಪರೀಕ್ಷೆ ಹಗಲಲ್ಲಿ, ದೂರದ ಮೊಬೈಲ್ ಗೋಪುರವನ್ನೋ ತೆಂಗಿನ ಮರವನ್ನೋ ನೋಡಿ ಮಾಡಿ, ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಕೊಳವೆಯ ಬಾಯಿಗೆ ಪೂರ್ತಿ ಮುಚ್ಚುವ ಸೌರ ಫಿಲ್ಟರ್ ಇಲ್ಲದೆ ಸೂರ್ಯನ ಕಡೆ ತಿರುಗಿಸಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮುಚ್ಚಳವಿಲ್ಲದೆ ಬಿಸಿಲಲ್ಲಿ ಬಿಟ್ಟರೆ ಕನ್ನಡಿ ಬಿಸಿಲನ್ನು ಒಟ್ಟುಗೂಡಿಸಿ ಮರಕ್ಕೆ, ಬಟ್ಟೆಗೆ ಬೆಂಕಿ ಹಚ್ಚಬಲ್ಲದು.

ಕೊಳವೆಯ ಬಾಯಿಯ ಹತ್ತಿರ ಬೆರಳಿನಿಂದ ಮೆಲ್ಲಗೆ ತಟ್ಟಿ. ನಡುಕ ಒಂದೆರಡು ಸೆಕೆಂಡಿನಲ್ಲಿ ನಿಂತರೆ ಮೌಂಟ್ ಚೆನ್ನಾಗಿದೆ. ಮೂರು ಸೆಕೆಂಡು ಮೀರಿದರೆ ಎಲ್ಲೋ ಸಡಿಲವಿದೆ: ಮೊದಲು ಕಾಲು, ಆಮೇಲೆ ಮುಂದಿನ ಹಲಗೆಯ ಸ್ಕ್ರೂ, ಆಮೇಲೆ ಪೆಟ್ಟಿಗೆಯ ಕೊಂಡಿ ನೋಡಿ.

ಹೊರಡುವಾಗ ಜರ್ಕ್ ಹೊಡೆದರೆ ಟೆಫ್ಲಾನ್ ತುಂಡಿನ ಅಂಚುಗಳನ್ನು ಸ್ವಲ್ಪ ದುಂಡಗೆ ಕೆರೆಯಿರಿ, ಎರಡೂ ಮೈಯನ್ನು ಒಣ ಬಟ್ಟೆಯಿಂದ ಒರೆಸಿ. ಎಣ್ಣೆ, ಗ್ರೀಸ್ ಹಾಕಬೇಡಿ. ಹುಡಿ ಹಿಡಿದು ಎರಡು ದಿನದಲ್ಲಿ ಮೊದಲಿಗಿಂತ ಕೆಡುತ್ತದೆ. ತೀರ ಬಿಗಿಯೆನಿಸಿದರೆ ಸನ್‌ಮೈಕಾಕ್ಕೆ ಕಾರಿಗೆ ಹಾಕುವ ಗಟ್ಟಿ ಮೇಣವನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಉಜ್ಜಿ ತೆಗೆಯಿರಿ.

ಐಪೀಸ್ ಬದಲಿಸಿದಾಗ ಕೊಳವೆಯ ಬಾಯಿ ಇಳಿಯುತ್ತಿದೆಯೇ? ಘರ್ಷಣಾಂಕ 0.1 ಎಂದು ಹಿಡಿದರೆ, 200 ಮಿ.ಮೀ. ಚಕ್ರದ ಘರ್ಷಣೆ ಕೊಳವೆಯ ತುದಿಯಲ್ಲಿ ಸುಮಾರು 200 ಗ್ರಾಂ ಹೆಚ್ಚುವರಿ ತೂಕವನ್ನು ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ಜಾರುತ್ತದೆ. ನಟ್ ಬಿಗಿಯುವುದು ಇದಕ್ಕೆ ಮದ್ದಲ್ಲ. ಕೊಳವೆಯನ್ನು ಪೆಟ್ಟಿಗೆಯಲ್ಲಿ ಒಂದೆರಡು ಸೆಂ.ಮೀ. ಬುಡದ ಕಡೆ ಸರಿಸಿ; ಮೊದಲೇ 25 ಮಿ.ಮೀ. ಬಿಡುವು ಬಿಟ್ಟಿದ್ದೀರಿ, ಅದನ್ನು ತಿಂದುಬಿಡದಂತೆ ನೋಡಿಕೊಳ್ಳಿ. ಸಾಲದಿದ್ದರೆ ಕನ್ನಡಿಯ ಕಡೆ ಮರಳಿನ ಸಣ್ಣ ಚೀಲವೊಂದನ್ನು ವೆಲ್ಕ್ರೋ ಪಟ್ಟಿಯಿಂದ ಕಟ್ಟಿ.

200 ಮಿ.ಮೀ. ಕನ್ನಡಿಗೆ ಇದನ್ನೇ ಹಿಗ್ಗಿಸುವವರು ಚಕ್ರದ ವ್ಯಾಸವನ್ನು ಕನ್ನಡಿಯ 1.3 ಪಟ್ಟಿನಷ್ಟು, ಅಂದರೆ 260 ಮಿ.ಮೀ., ಮಾಡಿಕೊಳ್ಳಿ. ಎತ್ತರದ ಸೂತ್ರ, ಚದರ ಸೆಂ.ಮೀ.ಗೆ ಒಂದು ಕಿಲೋ ಲೆಕ್ಕ, 35 ಡಿಗ್ರಿ, ಇವು ಹಾಗೇ ಇರುತ್ತವೆ. ತೂಕ ಮಾತ್ರ ಊಹಿಸಬೇಡಿ, ತಕ್ಕಡಿಯಲ್ಲಿ ಹಾಕಿ ನೋಡಿ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬೋಲ್ಟ್ ಬಿಚ್ಚಿ ತಟ್ಟೆಗಳನ್ನು ಬೇರೆ ಮಾಡಿ. ಟೆಫ್ಲಾನ್ ತೆಳುವಾಗಿ ಮೊಳೆಯ ತಲೆ ಹತ್ತಿರವಾಗಿದ್ದರೆ ತುಂಡು ಬದಲಿಸಿ, ತಟ್ಟೆ ಎಲ್ಲಾದರೂ ಉಬ್ಬಿದೆಯೇ ಎಂದು ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ, ಅಂಚಿನ ಪಾಲಿಶ್ ಬಿರಿದಿರುವ ಕಡೆ ಉಜ್ಜಿ ಮತ್ತೊಂದು ಕೋಟು ಹಚ್ಚಿ.